ಬಚ್ಚಲ ಒಲೆ ಆರದಿರಲಿ
(ಸ್ವಸಹಾಯ ಸಂಘಗಳ ಆರೋಗ್ಯ ಶಿಬಿರದಲ್ಲಿ ಆಡಿದ ಮಾತು)



ಬೊಜ್ಜು, ಸಕ್ಕರೆ ಕಾಯಿಲೆ ಅಂದ ಕೂಡಲೇ "ಇದೆಲ್ಲ ಕೇಳಿದ್ದೇ ಅಲ್ವಾ" ಅಂತ ನೀವು ಅನ್ನಬಹುದು. ಆದರೆ ಈಚೆಗೆ ನಮ್ಮ ಒಂದು ಸಂಘದಲ್ಲಿ ನಡೆದದ್ದು ನಮ್ಮನ್ನು ಚಿಂತೆಗೆ ಹಚ್ಚಿದೆ. ಒಬ್ಬ ಅಕ್ಕ ಸಂಘದಲ್ಲಿ ಮೂರು ಸಾವಿರ ರೂಪಾಯಿ ಸಾಲ ತೆಗೆದು ಒಂದು ಡಬ್ಬಿ ಪುಡಿ ಕೊಂಡರು. "ಇದು ಮೈಯೊಳಗಿನ ಕಂದು ಕೊಬ್ಬನ್ನು ಎಬ್ಬಿಸುತ್ತೆ, ಬೊಜ್ಜು ಕರಗುತ್ತೆ, ಸಕ್ಕರೆ ಮಾತ್ರೆಯೇ ಬೇಡ" ಅಂತ ಮಾರುವವರು ಹೇಳಿದ್ದರಂತೆ. ಅಕ್ಕ ಮಾತ್ರೆ ನಿಲ್ಲಿಸಿದರು. ಆರು ವಾರದಲ್ಲಿ ಖಾಲಿ ಹೊಟ್ಟೆಯ ಸಕ್ಕರೆ 300 ದಾಟಿತು, ಕಾಲಿನ ಸಣ್ಣ ಗಾಯ ಕೀವಾಯಿತು. ಈಗ ಚೇತರಿಸಿಕೊಳ್ಳುತ್ತಿದ್ದಾರೆ. ಸಾಲ ಮಾತ್ರ ಹಾಗೇ ಇದೆ. ಆದ್ದರಿಂದ ಈ ಕಂದು ಕೊಬ್ಬು ಅಂದರೇನು, ಅದರಲ್ಲಿ ನಿಜವೆಷ್ಟು, ಸುಳ್ಳೆಷ್ಟು ಅಂತ ನಾವೆಲ್ಲ ತಿಳಿದುಕೊಳ್ಳಲೇಬೇಕು.

ನಮ್ಮ ಮೈಯಲ್ಲಿ ಎರಡು ಬಗೆಯ ಕೊಬ್ಬಿದೆ. ಹೊಟ್ಟೆ, ಸೊಂಟ, ತೊಡೆಯಲ್ಲಿ ಸೇರುವುದು ಬಿಳಿ ಕೊಬ್ಬು. ಅದು ಮನೆಯ ಕಣಜದ ಹಾಗೆ, ಮಿಕ್ಕಿದ್ದನ್ನು ಕೂಡಿಡುತ್ತದೆ. ಕಂದು ಕೊಬ್ಬು ಹಾಗಲ್ಲ, ಅದು ಬಚ್ಚಲ ಒಲೆ. ಆ ಒಲೆಯಲ್ಲಿ ಅನ್ನ ಬೇಯಿಸುವುದಿಲ್ಲ, ಬರೀ ಬಿಸಿಗಾಗಿ ಸೌದೆ ಉರಿಸುತ್ತೇವೆ. ಕಂದು ಕೊಬ್ಬು ಕೂಡ ಸಕ್ಕರೆಯನ್ನೂ ಕೊಬ್ಬನ್ನೂ ಉರಿಸಿ ಮೈ ಬಿಸಿಯಾಗಿಡುತ್ತದೆ. ಅದರ ಜೀವಕೋಶಗಳಲ್ಲಿ ಮೈಟೋಕಾಂಡ್ರಿಯ ಎಂಬ ಪುಟ್ಟ ಪುಟ್ಟ ಒಲೆಗಳು ತುಂಬಿರುತ್ತವೆ. ಅವುಗಳಲ್ಲಿನ ಕಬ್ಬಿಣದ ಅಂಶದಿಂದಲೇ ಆ ಕಂದು ಬಣ್ಣ. ಯುಸಿಪಿ-1 ಎಂಬ ಪ್ರೋಟೀನು ಉರಿದ ಶಕ್ತಿಯನ್ನು ನೇರವಾಗಿ ಶಾಖವಾಗಿಸುತ್ತದೆ.

ಹಸುಗೂಸುಗಳಿಗೆ ನಮ್ಮ ಹಾಗೆ ಚಳಿಗೆ ನಡುಗಲು ಬರುವುದಿಲ್ಲ. ಅವಕ್ಕೆ ಬೆನ್ನಿನ ಹಲಗೆಗಳ ನಡುವೆ, ಕುತ್ತಿಗೆಯ ಸುತ್ತ ಇರುವ ಕಂದು ಕೊಬ್ಬೇ ಆಧಾರ. ದೊಡ್ಡವರಲ್ಲಿ ಇದು ಕೆಲಸಕ್ಕೆ ಬಾರದಷ್ಟು ಕಡಿಮೆ ಎಂದೇ ಬಹಳ ಕಾಲ ನಂಬಿದ್ದರು. 2009ರಲ್ಲಿ ಅಮೆರಿಕ, ನೆದರ್ಲೆಂಡ್ಸ್, ಫಿನ್‌ಲೆಂಡ್ ಕಡೆಯ ವಿಜ್ಞಾನಿಗಳು ಸ್ಕ್ಯಾನ್ ಮಾಡಿ, ದೊಡ್ಡವರ ಕುತ್ತಿಗೆ, ಕೊರಳೆಲುಬಿನ ಮೇಲ್ಭಾಗ, ಬೆನ್ನುಮೂಳೆಯ ಪಕ್ಕದಲ್ಲಿ ಅದು ಕೆಲಸ ಮಾಡುವುದನ್ನು ತೋರಿಸಿದರು. ನೆದರ್ಲೆಂಡ್ಸ್‌ನಲ್ಲಿ 24 ಗಂಡಸರನ್ನು 16 ಡಿಗ್ರಿ ತಂಪಿನಲ್ಲಿ ಇರಿಸಿ ನೋಡಿದಾಗ 23 ಮಂದಿಯಲ್ಲಿ ಅದು ಎದ್ದಿತ್ತು. ಆದರೆ ತೂಕ ಹೆಚ್ಚಿದ್ದವರಲ್ಲಿ ಅದರ ಕೆಲಸ ಕಡಿಮೆಯಿತ್ತು.

ಯಾಕೆ ಹೀಗೆ? ಬೊಜ್ಜು ಹೆಚ್ಚಿದಂತೆ ಕಂದು ಕೊಬ್ಬಿನ ಕೋಶಗಳಲ್ಲೂ ಜಿಡ್ಡು ತುಂಬಿಕೊಳ್ಳುತ್ತದೆ. ರಕ್ತದ ಸಣ್ಣ ನಾಳಗಳು ಕಡಿಮೆಯಾಗಿ ಆಮ್ಲಜನಕ ಸಾಲದಾಗುತ್ತದೆ, ಒಳಗಿನ ಒಲೆಗಳು ಒಂದೊಂದಾಗಿ ಆರುತ್ತವೆ. ಇಲಿಗಳ ಮೇಲಿನ ಪ್ರಯೋಗಗಳಲ್ಲಿ ಇದು ಸ್ಪಷ್ಟವಾಗಿ ಕಂಡಿದೆ. ಕಂದು ಕೊಬ್ಬು ಬಿಳಿಚಿಕೊಳ್ಳುತ್ತದೆ, ಅಂದರೆ ಬಚ್ಚಲ ಒಲೆಯೂ ಕಣಜವಾಗಿ ಬಿಡುತ್ತದೆ! ಸಕ್ಕರೆ ಕಾಯಿಲೆಯಲ್ಲಿ ಇನ್ನೊಂದು ತೊಂದರೆ: ಇನ್ಸುಲಿನ್ ಬಾಗಿಲು ತಟ್ಟಿದರೂ ಕೋಶ ಸರಿಯಾಗಿ ತೆರೆಯುವುದಿಲ್ಲ. ಹಾಗಾಗಿ ಕಂದು ಕೊಬ್ಬು ರಕ್ತದಿಂದ ಎಳೆದುಕೊಳ್ಳುವ ಸಕ್ಕರೆಯೂ ಕಡಿಮೆ.

2021ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ 52 ಸಾವಿರಕ್ಕೂ ಹೆಚ್ಚು ಜನರ ಸ್ಕ್ಯಾನ್ ನೋಡಿದರು. ಕಂದು ಕೊಬ್ಬು ಕಂಡವರಲ್ಲಿ ಶೇಕಡಾ 4.6 ಮಂದಿಗೆ ಟೈಪ್-2 ಸಕ್ಕರೆ ಕಾಯಿಲೆ ಇತ್ತು, ಕಾಣದವರಲ್ಲಿ ಶೇಕಡಾ 9.5 ಮಂದಿಗೆ. ಇದು ಎರಡಕ್ಕೂ ನಂಟಿದೆ ಎಂದು ಹೇಳುತ್ತದೆಯೇ ಹೊರತು, ಒಂದರಿಂದಲೇ ಇನ್ನೊಂದು ಬಂತು ಎಂದಲ್ಲ.

ನಮಗೆ ಸಂಬಂಧಿಸಿದ ಮಾತೂ ಒಂದಿದೆ. 2014ರಲ್ಲಿ ನೆದರ್ಲೆಂಡ್ಸ್‌ನಲ್ಲಿ ದಕ್ಷಿಣ ಏಷ್ಯಾ ಮೂಲದ 12 ತೆಳ್ಳಗಿನ ಯುವಕರನ್ನು 12 ಬಿಳಿಯ ಯುವಕರ ಜೊತೆ ಹೋಲಿಸಿದರು. ನಮ್ಮ ಕಡೆಯ ಮೂಲದವರಲ್ಲಿ ಕಂದು ಕೊಬ್ಬು ಸುಮಾರು ಮೂರನೇ ಒಂದು ಪಾಲು ಕಡಿಮೆ ಇತ್ತು. ಸಣ್ಣ ಅಧ್ಯಯನ ನಿಜ. ಆದರೂ ನಮ್ಮವರಿಗೆ ಸ್ವಲ್ಪ ಹೊಟ್ಟೆ ಬಂದರೂ ಸಕ್ಕರೆ ಬೇಗ ಬರುವುದಕ್ಕೆ ಇದೂ ಒಂದು ಕಾರಣವಿರಬಹುದು. 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಈ ಕಾಯಿಲೆ ಇದೆ.

ಹಾಗಾದರೆ ತಣ್ಣೀರು ಸ್ನಾನ ಮಾಡಿದರೆ ಆಯಿತಲ್ಲ? ಅಲ್ಲ. 2015ರಲ್ಲಿ ಎಂಟು ಮಂದಿ ರೋಗಿಗಳನ್ನು ಹತ್ತು ದಿನ, ದಿನಾ ಕೆಲವು ಗಂಟೆ 14-15 ಡಿಗ್ರಿ ತಂಪಿನಲ್ಲಿ ಕೂರಿಸಿದರು. ಇನ್ಸುಲಿನ್ ಚೆನ್ನಾಗಿ ಕೆಲಸ ಮಾಡಿತು. ಆದರೆ ಸಕ್ಕರೆಯನ್ನು ಹೆಚ್ಚಾಗಿ ಬಳಸಿದ್ದು ಕಂದು ಕೊಬ್ಬಲ್ಲ, ಮಾಂಸಖಂಡ! ಮಾಂಸಖಂಡವನ್ನು ದುಡಿಸಲು ಚಳಿಯೇ ಬೇಕಿಲ್ಲ, ನಡೆದರೆ ಸಾಕು. ಹೃದಯದ ತೊಂದರೆ ಇರುವವರು, ಕಾಲು ಜೋಮು ಹಿಡಿದವರು ತಣ್ಣೀರಿನ ಸಾಹಸ ಮಾಡಬೇಡಿ. ಕಂದು ಕೊಬ್ಬನ್ನು ಎಬ್ಬಿಸಿ ಸಕ್ಕರೆ ಕಾಯಿಲೆ ವಾಸಿ ಮಾಡುವುದೆಂದು ಸಾಬೀತಾದ ಪುಡಿಯಾಗಲಿ ಮಾತ್ರೆಯಾಗಲಿ ಇಲ್ಲ.

ಈಗ ನಾವು ಮಾಡಬೇಕಾದ್ದು ಇಷ್ಟು. ಅಳತೆ ಟೇಪು ತಂದು ಸೊಂಟ ಅಳೆಯೋಣ. ಹೆಂಗಸರಿಗೆ 80, ಗಂಡಸರಿಗೆ 90 ಸೆಂಟಿಮೀಟರ್ ದಾಟಿದರೆ ಎಚ್ಚರ. ದಿನಾ ಅರ್ಧ ಗಂಟೆ ಬಿರುಸಾಗಿ ನಡೆಯೋಣ. ತಟ್ಟೆಯಲ್ಲಿ ಅನ್ನ ಒಂದು ಸೌಟು ಕಡಿಮೆ ಮಾಡಿ ಕಾಳು, ಸೊಪ್ಪು ಹೆಚ್ಚಿಸೋಣ. ಮೂವತ್ತು ದಾಟಿದವರು ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಸಕ್ಕರೆ ಪರೀಕ್ಷೆ ಮಾಡಿಸಿಕೊಳ್ಳಲಿ. ಡಾಕ್ಟರನ್ನು ಕೇಳದೆ ಮಾತ್ರೆ ನಿಲ್ಲಿಸಬೇಡಿ.

ಇನ್ನೊಂದು ವಿನಂತಿ. ಇಂಥ ಡಬ್ಬಿ ಹಿಡಿದು ಯಾರಾದರೂ ಮನೆಗೆ ಬಂದರೆ, ದುಡ್ಡು ಕೊಡುವ ಮೊದಲು ಆ ವಿಷಯವನ್ನು ಸಂಘದ ಸಭೆಗೆ ತನ್ನಿ. ಮೋಸ ಹೋದ ಆ ಅಕ್ಕನನ್ನು ಯಾರೂ ಹಂಗಿಸಬೇಡಿ. ತನ್ನ ಕಥೆಯನ್ನು ಇಲ್ಲಿ ಹೇಳಿ ಅಂತ ಅವರೇ ನಮಗೆ ಒಪ್ಪಿಗೆ ಕೊಟ್ಟಿದ್ದಾರೆ, ಇನ್ನೊಬ್ಬರಿಗೆ ಹಾಗಾಗದಿರಲಿ ಅಂತ. ಅವರಿಗೆ ನಮ್ಮೆಲ್ಲರ ವಂದನೆಗಳು.