ಗ್ಲಾಮ್ಸ್ ಕೋಟೆಯ ದೆವ್ವಗಳು



ಹೋದ ವಾರ ಇದೇ ಹೊತ್ತಿಗೆ ಸ್ಕಾಟ್ಲೆಂಡಿನ ಹಳೆಯ ಕೋಟೆಯೊಂದರ ದೆವ್ವದ ಕಥೆಗಳನ್ನು ಹೇಳಿದ್ದೆ. ಬಾಗಿಲು ಕಿರುಗುಟ್ಟುವ ಸದ್ದು, ಗಾಳಿ ಬೀಸುವ ಸದ್ದು ಎಲ್ಲ ಹಾಕಿ ನಿಮ್ಮನ್ನು ಚೆನ್ನಾಗಿಯೇ ಹೆದರಿಸಿದೆ. ಕಾರ್ಯಕ್ರಮ ಮುಗಿದು ಹತ್ತು ನಿಮಿಷಕ್ಕೆ ಹಡಪಸರದಿಂದ ಹಿರಿಯ ಹೆಣ್ಣುಮಗಳೊಬ್ಬರು ಫೋನ್ ಮಾಡಿದರು. ಹಾಡು ಕೇಳುವುದಕ್ಕಿರಬೇಕು ಎಂದುಕೊಂಡೆ. ಅವರು ಕೇಳಿದ್ದು ಇಷ್ಟೇ: "ಅಲ್ಲವಾ ತಂಗಿ, ಆ ಕೂಸು ಯಾರಿಗೆ ಏನ್ ಮಾಡಿತ್ತಂತ ಅದಕ್ಕ ರಾಕ್ಷಸ ಅಂದಿ?"

ನನಗೆ ಉತ್ತರ ತೋಚಲಿಲ್ಲ. ಆಮೇಲೆ ಕೂತು ಓದಿದೆ. ಓದಿದ್ದನ್ನು ಇವತ್ತು ಹೇಳುತ್ತೇನೆ, ಸದ್ದುಗದ್ದಲ ಇಲ್ಲದೆ.

ಮೊದಲು ಒಂದು ಸಣ್ಣ ತಪ್ಪೊಪ್ಪಿಗೆ. ಕೋಟೆಯ ಹೆಸರನ್ನು ನಾನು ಹೋದ ವಾರ ಪೂರ್ತಿ 'ಗ್ಲಾಮಿಸ್' ಎಂದೇ ಓದಿದೆ. ಅಲ್ಲಿಯ ಜನ ಹೇಳುವುದು 'ಗ್ಲಾಮ್ಸ್'. ಡಂಡಿ ನಗರದಿಂದ ಉತ್ತರಕ್ಕೆ, ಆಂಗಸ್ ಸೀಮೆಯಲ್ಲಿದೆ. ಕೋಟೆ ಎಂದ ಕೂಡಲೆ ಚಿತ್ರದುರ್ಗದ ಏಳು ಸುತ್ತನ್ನು ನೆನೆಯಬೇಡಿ. ಗೋಪುರಗಳನ್ನು ಹೊತ್ತ ದೊಡ್ಡ ಕಲ್ಲಿನ ಅರಮನೆ ಅದು. 1372ರಲ್ಲಿ ದೊರೆ ಎರಡನೆಯ ರಾಬರ್ಟ್ ಈ ಜಹಗೀರನ್ನು ಸರ್ ಜಾನ್ ಲಯನ್ ಎಂಬವನಿಗೆ ಕೊಟ್ಟ. ಅಂದಿನಿಂದ ಅದೇ ಮನೆತನದ ಕೈಯಲ್ಲಿದೆ. ರಾಣಿ ಎರಡನೆಯ ಎಲಿಜಬೆತ್‌ಳ ತಾಯಿ ಈ ಮನೆತನದ ಮಗಳು. ರಾಣಿಯ ತಂಗಿ ಮಾರ್ಗರೆಟ್ 1930ರಲ್ಲಿ ಹುಟ್ಟಿದ್ದು ಇಲ್ಲಿಯೇ.

ಕನ್ನಡ ಬಿ.ಎ. ಮಾಡಿದವರಿಗೆ ಈ ಹೆಸರು ಬೇರೆ ಕಡೆಯಿಂದ ಪರಿಚಯ. ಎಂ.ಎಲ್. ಶ್ರೀಕಂಠೇಶಗೌಡರು 'ಪ್ರತಾಪರುದ್ರದೇವ'ವಾಗಿ ಕನ್ನಡಕ್ಕೆ ತಂದ ಷೇಕ್ಸ್‌ಪಿಯರನ ಮ್ಯಾಕ್‌ಬೆತ್ ಇದ್ದಾನಲ್ಲ, ಅವನು ನಾಟಕದಲ್ಲಿ ಗ್ಲಾಮ್ಸ್‌ನ ಒಡೆಯ. ಕೋಟೆಯಲ್ಲಿ ಡಂಕನ್ ದೊರೆಯ ಹೆಸರಿನ ಕೋಣೆಯನ್ನೂ ತೋರಿಸುತ್ತಾರೆ. ಚರಿತ್ರೆಯ ಡಂಕನ್ 1040ರಲ್ಲಿ ಸತ್ತದ್ದು ಯುದ್ಧದಲ್ಲಿ. ಗ್ಲಾಮ್ಸ್‌ನಲ್ಲಿ ಯಾರೂ ಅವನನ್ನು ಮಲಗಿದ್ದಲ್ಲಿ ಇರಿಯಲಿಲ್ಲ.

ಗಡ್ಡದ ಅರ್ಲ್ ಕಥೆ ನಿಮಗೆ ನೆನಪಿರಬಹುದು. ಭಾನುವಾರ ಇಸ್ಪೀಟು ಆಡಬಾರದು ಎಂದರೂ ಕೇಳದೆ, ಜೊತೆಗೆ ಸೈತಾನನೇ ಬರಲಿ ಎಂದ, ಬಂದೇಬಿಟ್ಟ, ಇಬ್ಬರೂ ಇವತ್ತಿಗೂ ಮುಚ್ಚಿದ ಕೋಣೆಯಲ್ಲಿ ಆಡುತ್ತಲೇ ಇದ್ದಾರೆ. ಅವನನ್ನು 1453ರಲ್ಲಿ ತೀರಿಕೊಂಡ ಕ್ರಾಫರ್ಡಿನ ಅರ್ಲ್ ಅಲೆಕ್ಸಾಂಡರ್ ಲಿಂಡ್ಸೆ ಎನ್ನುತ್ತಾರೆ. ಮಕ್ಕಳಿಗೆ ಹೇಳಲು ಒಳ್ಳೆಯ ಕಥೆ. ಅದನ್ನು ಅಲ್ಲಿಗೇ ಬಿಡೋಣ.

ಪ್ರಾರ್ಥನಾ ಮಂದಿರದಲ್ಲಿ ಕಾಣುವ ಬೂದುಬಣ್ಣದ ಹೆಂಗಸಿನ ವಿಷಯ ಹಾಗಲ್ಲ. ಆಕೆ ಜಾನೆಟ್ ಡಗ್ಲಸ್, ಗ್ಲಾಮ್ಸ್ ಒಡೆಯನ ವಿಧವೆ. ಮಾಟಗಾತಿ ಎಂದು ಸುಟ್ಟರು ಎಂದು ನಾನೂ ಹೇಳಿಬಿಟ್ಟೆ. ಆದರೆ ಆಕೆಯ ಮೇಲೆ ಹೊರಿಸಿದ್ದು ಮಾಟದ ಆರೋಪವಲ್ಲ. ದೊರೆಗೆ ವಿಷವಿಕ್ಕಲು ಸಂಚು ಹೂಡಿದಳು ಎಂಬ ರಾಜದ್ರೋಹದ ಆರೋಪ. ಇದರ ಹಿಂದೆ ಮನೆಯೊಳಗಿನ ಹಗೆ ಇತ್ತು. ಆಕೆಯ ಅಣ್ಣ, ಆಂಗಸ್‌ನ ಅರ್ಲ್, ದೊರೆ ಐದನೆಯ ಜೇಮ್ಸ್‌ನ ಮಲತಂದೆ. ಹುಡುಗ ದೊರೆಯನ್ನು ಸೆರೆಯಲ್ಲಿಟ್ಟಂತೆ ಇಟ್ಟು ತಾನೇ ರಾಜ್ಯವಾಳಿದವನು. 1528ರಲ್ಲಿ ಜೇಮ್ಸ್ ತಪ್ಪಿಸಿಕೊಂಡ. ಅಣ್ಣ ಇಂಗ್ಲೆಂಡಿಗೆ ಓಡಿಹೋದ. ಸಿಟ್ಟು ತೀರಿಸಿಕೊಳ್ಳಲು ಕೈಗೆ ಸಿಕ್ಕವಳು ತಂಗಿ. ಸೇವಕರಿಗೆ ಚಿತ್ರಹಿಂಸೆ ಕೊಟ್ಟು ಸಾಕ್ಷಿ ಹೇಳಿಸಿದರು. 1537ರ ಜುಲೈ 17ರಂದು ಎಡಿನ್‌ಬರೋದಲ್ಲಿ ಆಕೆಯನ್ನು ಜೀವಂತ ಸುಟ್ಟರು. ಹದಿಹರೆಯದ ಮಗನಿಗೂ ಮರಣದಂಡನೆ ವಿಧಿಸಿ ಸೆರೆಯಲ್ಲಿಟ್ಟರು. 1542ರಲ್ಲಿ ದೊರೆ ಸತ್ತ ಮೇಲೆ ಅವನಿಗೆ ಬಿಡುಗಡೆಯಾಯಿತು. ಅಷ್ಟು ಕಾಲ ಕೋಟೆ ದೊರೆಯ ವಶದಲ್ಲಿತ್ತು.

ಆಕೆ ಕಾಣಿಸುತ್ತಾಳೆನ್ನುವ ಮಂದಿರ ಈಗಿನ ರೂಪಕ್ಕೆ ಬಂದದ್ದು 1680ರ ದಶಕದಲ್ಲಿ, ಆಕೆ ಸತ್ತು ಸುಮಾರು ನೂರೈವತ್ತು ವರ್ಷದ ನಂತರ. ಗೋಡೆಯ ಚಿತ್ರಗಳು ಡಚ್ ಕಲಾವಿದ ಯಾಕೋಬ್ ಡಿ ವೆಟ್‌ನವು. ಆಕೆ ಅವನ್ನು ನೋಡಿಯೇ ಇಲ್ಲ. ಆದರೂ ಅಲ್ಲಿ ಆಕೆಗೆಂದು ಒಂದು ಆಸನ ಸದಾ ಖಾಲಿ ಇರುತ್ತದಂತೆ, ಯಾರೂ ಕೂರುವುದಿಲ್ಲವಂತೆ. ಸುಡಿಸಿದ ದೊರೆಗೆ ಅಂಥ ಆಸನ ಇದೆಯೆಂದು ನಾನು ಎಲ್ಲೂ ಓದಲಿಲ್ಲ.

ಈಗ ಆ ಕೂಸಿನ ಮಾತು.

1821ರ ಅಕ್ಟೋಬರ್ 21ರಂದು ಕೋಟೆಯ ಉತ್ತರಾಧಿಕಾರಿಗೆ ಚೊಚ್ಚಲ ಗಂಡುಮಗುವಾಯಿತು. ಹೆಸರು ಥಾಮಸ್. ಹುಟ್ಟಿದ ದಿನವೇ ಸತ್ತಿತು ಎಂದು ವಂಶಾವಳಿಯ ಪುಸ್ತಕಗಳಲ್ಲಿದೆ. ಮರುವರ್ಷ ಹುಟ್ಟಿದ ತಮ್ಮನಿಗೂ ಥಾಮಸ್ ಎಂದೇ ಹೆಸರಿಟ್ಟರು. ಮುಂದೆ ಅರ್ಲ್ ಆದವನು ಅವನು. ದಾಖಲೆಯಲ್ಲಿ ಇರುವುದು ಇಷ್ಟೇ.

ಜನ ಕಟ್ಟಿದ ಕಥೆ ಬೇರೆ. ಮಗು ಸಾಯಲಿಲ್ಲ, ವಿಕಾರವಾಗಿತ್ತು, ಮನೆತನದ ಮರ್ಯಾದೆಗೆ ಅಂಜಿ ಗುಪ್ತ ಕೋಣೆಯಲ್ಲಿ ಬಚ್ಚಿಟ್ಟರು, ಅದು ಬಹುಕಾಲ ಬದುಕಿತು, ರಾತ್ರಿ ಹೊತ್ತು ಹೊರಗೆ ಓಡಾಡಿಸುತ್ತಿದ್ದರು. ಅದೇ 'ಗ್ಲಾಮ್ಸ್‌ನ ರಾಕ್ಷಸ'. ಅತಿಥಿಗಳು ಒಮ್ಮೆ ಎಲ್ಲ ಕೋಣೆಗಳ ಕಿಟಕಿಗೂ ಟವೆಲು ಕಟ್ಟಿ ಹೊರಗೆ ಬಂದು ನೋಡಿದರೆ ಕೆಲವು ಕಿಟಕಿಗಳು ಬರಿದಾಗಿದ್ದವಂತೆ. ಈ ಟವೆಲಿನ ಸಂಗತಿಯನ್ನು ಹೋದ ವಾರ ನಾನು ಬಹಳ ಉತ್ಸಾಹದಿಂದ ಹೇಳಿದ್ದೆ.

ಓದುವಾಗ ನನ್ನನ್ನು ತಡೆದು ನಿಲ್ಲಿಸಿದ್ದು ಸರ್ ವಾಲ್ಟರ್ ಸ್ಕಾಟ್ ಕೊಟ್ಟ ವಿವರ. ಕಾದಂಬರಿಕಾರ ಸ್ಕಾಟ್ ಇಪ್ಪತ್ತರ ಆಸುಪಾಸಿನ ಹುಡುಗನಾಗಿದ್ದಾಗ ಈ ಕೋಟೆಯಲ್ಲಿ ಒಂದು ರಾತ್ರಿ ಕಳೆದಿದ್ದ. ಒಂದೊಂದೇ ಬಾಗಿಲು ಹಿಂದೆ ಮುಚ್ಚಿಕೊಳ್ಳುತ್ತ ಹೋದಾಗ ಎದೆ ಅಳುಕಿತೆಂದು 1830ರ ಪುಸ್ತಕದಲ್ಲಿ ಒಪ್ಪಿಕೊಳ್ಳುತ್ತಾನೆ. ಅಲ್ಲಿಯೇ ಕೋಟೆಯಲ್ಲಿ ಗುಪ್ತ ಕೋಣೆ ಇದೆ, ಅದು ಗೊತ್ತಿರುವುದು ಮೂವರಿಗೆ ಮಾತ್ರ ಎಂದೂ ಬರೆಯುತ್ತಾನೆ: ಅರ್ಲ್, ಅವನ ಉತ್ತರಾಧಿಕಾರಿ, ಅವರು ನಂಬಿದ ಇನ್ನೊಬ್ಬ. ಸ್ಕಾಟ್ ಹುಟ್ಟಿದ್ದು 1771ರಲ್ಲಿ. ಅಂದರೆ ಅವನು ಅಲ್ಲಿ ಉಳಿದ ರಾತ್ರಿ ಮಗು ಹುಟ್ಟುವುದಕ್ಕೆ ಸುಮಾರು ಮೂವತ್ತು ವರ್ಷ ಮೊದಲು. ಅವನ ಬರಹದಲ್ಲಿ ರಾಕ್ಷಸನ ಸುದ್ದಿಯೇ ಇಲ್ಲ.

ಕೋಣೆಯ ಗುಟ್ಟು ಮೊದಲೇ ಇತ್ತು. ಒಳಗೆ ಏನಿದೆ ಎಂದು ತುಂಬಿಸಲು ಜನಕ್ಕೆ ಏನಾದರೂ ಬೇಕಿತ್ತು. ಒಂದೇ ದಿನ ಇದ್ದು ಹೋದ ಮಗು, ತನ್ನ ಪರವಾಗಿ ಮಾತಾಡಲು ಯಾರೂ ಇಲ್ಲದ್ದು, ಸಿಕ್ಕಿತು. ಹಾಗೆಂದು ನನಗೆ ತೋರುತ್ತದೆ. ಒಂದು ವೇಳೆ ಕಥೆಯೇ ನಿಜವಾಗಿದ್ದರೂ, ಬೀಗ ಹಾಕಿದವರನ್ನು ಬಿಟ್ಟು ಒಳಗಿದ್ದವನನ್ನು ರಾಕ್ಷಸ ಎಂದು ಕರೆದೆವಲ್ಲ!

ಸೋಮವಾರ ಹಡಪಸರಕ್ಕೆ ನಾನೇ ಫೋನ್ ಮಾಡಿ ಇಷ್ಟನ್ನೂ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ತಮ್ಮ ಮೊದಲ ಮಗುವೂ ಒಂದೇ ದಿನ ಇತ್ತು, ನೋಡಲು ಬಂದವರು ಬಾಗಿಲಾಚೆ ನಿಂತು ಏನೇನೋ ಮಾತಾಡಿಕೊಂಡರು ಎಂದರು. "ಹೆಸರ ಇಟ್ಟಿದ್ರಂತಲ್ಲ ಅದಕ್ಕ, ಚಲೋ ಆತು ಬಿಡವಾ" ಎಂದರು. ಆಮೇಲೆ ಹಾಡು ಕೇಳಿದರು.

ಈಗ ಅವರು ಕೇಳಿದ ಹಾಡು.