ರಕ್ತದ ಕಾವಲುಗಾರರೂ ಹೆಚ್.ಐ.ವಿ.ಯೂ

(ಸಂಘದ ವಾರ್ಷಿಕೋತ್ಸವದ ಸಂದರ್ಭದಲ್ಲಿ ಕಣೇಕಲ್ಲಿನಲ್ಲಿ ಮಾಡಿದ ಭಾಷಣ)



ಇಂತಹ ವೇದಿಕೆಯಲ್ಲಿ ನಾಡಿನ ವಿಚಾರವನ್ನೋ ನುಡಿಯ ವಿಚಾರವನ್ನೋ ಆಡುವುದು ವಾಡಿಕೆ. ನಾನಾದರೋ ರಕ್ತದ ವಿಚಾರವನ್ನು ಅರಿಕೆ ಮಾಡಿಕೊಳ್ಳಲು ನಿಂತಿದ್ದೇನೆ. ಹೆಚ್.ಐ.ವಿ. ಎಂಬ ಹೆಸರನ್ನು ಕೇಳದವರು ಈ ಸಭೆಯಲ್ಲಿ ಇರಲಾರರು. ಆದರೆ ಆ ವೈರಾಣು ಮೈಯೊಳಗೆ ಮಾಡುವ ಕೆಲಸವೇನೆಂದು ಕೇಳಿದರೆ ಉತ್ತರ ಹೇಳಬಲ್ಲವರು ಕೆಲವರೇ. ತಿಳಿಯದಿರುವಲ್ಲಿ ನಾಚಿಕೆ ಹುಟ್ಟುತ್ತದೆ. ನಾಚಿಕೆಯಿಂದ ಪರೀಕ್ಷೆ ತಡವಾಗುತ್ತದೆ. ತಡವಾದಷ್ಟೂ ರಕ್ತಕ್ಕೆ ಒದಗುವ ನಷ್ಟ ಹೆಚ್ಚು.

ಒಂದು ಘನ ಮಿಲಿಮೀಟರ್ ರಕ್ತ, ಎಂದರೆ ಸುಮಾರು ಒಂದು ರಾಗಿಕಾಳಿನಷ್ಟು ಹನಿ. ಅದರಲ್ಲಿ ಕೆಂಪು ಕಣಗಳು ೪೫ರಿಂದ ೫೦ ಲಕ್ಷ. ಬಿಳಿಯ ಕಣಗಳಾದರೋ ೪,೦೦೦ದಿಂದ ೧೧,೦೦೦ ಮಾತ್ರ. ಈ ಬಿಳಿಯ ಕಣಗಳಲ್ಲಿ ಒಂದು ಬಗೆಯವು ತಮ್ಮ ಮೈಮೇಲೆ ಸಿ.ಡಿ.೪ ಎಂಬ ಗುರುತನ್ನು ಹೊತ್ತಿರುತ್ತವೆ. ಆರೋಗ್ಯವಂತರ ಅದೇ ಹನಿಯಲ್ಲಿ ಅವುಗಳ ಸಂಖ್ಯೆ ೫೦೦ರಿಂದ ೧,೫೦೦.

ಅವುಗಳ ಮಹತ್ವವನ್ನು ತಿಳಿಯಲು ನಮ್ಮೂರ ಕೆರೆಯನ್ನು ನೆನೆಯೋಣ. ತುಂಗಭದ್ರೆಯ ಮೇಲ್ಮಟ್ಟದ ಕಾಲುವೆಯ ನೀರು ಬಂದು ಕೆರೆ ತುಂಬಿತೆನ್ನಿ. ನೀರಗಂಟಿ ತಾನು ಉಳುವವನೂ ಅಲ್ಲ, ಬಿತ್ತುವವನೂ ಅಲ್ಲ. ಆದರೂ ಯಾವ ಗದ್ದೆಗೆ ಯಾವಾಗ ನೀರು ಬಿಡಬೇಕೆಂಬುದನ್ನು ಬಲ್ಲವನು ಅವನೇ. ಅವನಿಲ್ಲವಾದರೆ ಕೆರೆ ತುಂಬಿದ್ದರೂ ಪೈರು ಒಣಗೀತು. ಸಿ.ಡಿ.೪ ಕಣಗಳ ಕೆಲಸವೂ ಅಂತಹುದೇ. ರೋಗಾಣುವನ್ನು ಕೊಲ್ಲುವ ಕಣಗಳು ಬೇರೆ, ಪ್ರತಿಕಾಯಗಳನ್ನು ತಯಾರಿಸುವ ಕಣಗಳು ಬೇರೆ. ಅವುಗಳಿಗೆ ಅಪ್ಪಣೆ ಹೋಗಬೇಕಾದುದು ಇವುಗಳಿಂದ. ಹೆಚ್.ಐ.ವಿ. ಹಿಡಿಯುವುದು ಈ ನೀರಗಂಟಿಯನ್ನೇ.

ವೈರಾಣು ತಾನಾಗಿ ವೃದ್ಧಿಯಾಗಲಾರದು. ಸಿ.ಡಿ.೪ ಗುರುತಿಗೆ ಅಂಟಿಕೊಂಡು ಕಣದೊಳಕ್ಕೆ ನುಸುಳುತ್ತದೆ, ತನ್ನ ಆರ್.ಎನ್.ಎ. ಬರಹವನ್ನು ಡಿ.ಎನ್.ಎ. ಆಗಿ ತಿದ್ದಿ ಬರೆದು, ಕಣದ ಬೀಜಕೇಂದ್ರದಲ್ಲಿರುವ ಮೂಲ ಬರಹದೊಳಗೆ ಸೇರಿಸಿಬಿಡುತ್ತದೆ. ಕಳ್ಳನೊಬ್ಬನು ಶಾನುಭೋಗರ ಲೆಕ್ಕದ ಪುಸ್ತಕದಲ್ಲೇ ತನ್ನ ಹೆಸರನ್ನು ಬರೆದುಕೊಂಡಂತೆ! ಅಲ್ಲಿಂದ ಮುಂದೆ ಆ ಕಣವು ವೈರಾಣುಗಳನ್ನು ತಯಾರಿಸುವ ಕಾರ್ಖಾನೆ. ಕೆಂಪು ಕಣಗಳಿಗೆ ಬೀಜಕೇಂದ್ರವೇ ಇಲ್ಲವಾದುದರಿಂದ ಅಲ್ಲಿ ಅದಕ್ಕೆ ನೆಲೆಯಿಲ್ಲ. ಆದರೂ ದಿನ ಕಳೆದಂತೆ ಮೂಳೆಯ ಮಜ್ಜೆ ಸೊರಗಿ ರಕ್ತಹೀನತೆ ಬರುವುದುಂಟು. ರಕ್ತ ಹೆಪ್ಪುಗಟ್ಟಿಸುವ ಕಿರುಬಿಲ್ಲೆಗಳು ಕಡಿಮೆಯಾಗುವುದೂ ಉಂಟು.

ಚಿಕಿತ್ಸೆಯಿಲ್ಲದ ಮೈಯಲ್ಲಿ ದಿನವೊಂದಕ್ಕೆ ಸುಮಾರು ೧,೦೦೦ ಕೋಟಿ ವೈರಾಣುಗಳು ಹುಟ್ಟುತ್ತವೆಂದು ವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ. ಸೋಂಕು ತಗಲಿದ ಕಣಗಳು ಒಂದೆರಡು ದಿನಗಳಲ್ಲಿ ಸಾಯುತ್ತವೆ. ನೆರೆಯ ನಿರಪರಾಧಿ ಕಣಗಳೂ ಸಾಯುತ್ತವೆ. ದೇಹವು ಹೊಸ ಕಣಗಳನ್ನು ತುಂಬುತ್ತಲೇ ಇರುತ್ತದೆ, ಆದರೆ ಸೋಲುತ್ತ ಬರುತ್ತದೆ. ಈ ಹೋರಾಟ ಸರಾಸರಿ ಎಂಟು ಹತ್ತು ವರ್ಷ ನಡೆದೀತು. ಅಷ್ಟು ಕಾಲವೂ ಮನುಷ್ಯನು ಗದ್ದೆಗೆ ಹೋಗುತ್ತಾನೆ, ಮದುವೆಗಳಿಗೆ ಹೋಗುತ್ತಾನೆ, ಬಳ್ಳಾರಿಗೆ ಸಂತೆಗೆ ಹೋಗುತ್ತಾನೆ. ಹೊರಗೆ ಯಾವ ಗುರುತೂ ಇಲ್ಲ. ಸಿ.ಡಿ.೪ ೨೦೦ಕ್ಕಿಂತ ಕೆಳಗಿಳಿದಾಗ ಅದನ್ನು ಏಡ್ಸ್ ಎನ್ನುತ್ತಾರೆ. ಆಗ ಕ್ಷಯ, ಬಾಯಿಯ ಬೂಷ್ಟು, ಮಿದುಳಿನ ಪೊರೆಯ ಉರಿಯೂತ ಮೊದಲಾದವು ಒಂದರ ಹಿಂದೊಂದು ಬರುತ್ತವೆ. ನಮ್ಮ ದೇಶದಲ್ಲಿ ಇವುಗಳಲ್ಲಿ ಮುಂಚೂಣಿಯಲ್ಲಿರುವುದು ಕ್ಷಯವೇ.

೧೯೮೩ರಲ್ಲಿ ಪ್ಯಾರಿಸ್ಸಿನಲ್ಲಿ ಪತ್ತೆಯಾದ ಈ ವೈರಾಣುವಿನ ಸುಳಿವು ಭಾರತದಲ್ಲಿ ಮೊದಲು ದೊರೆತುದು ೧೯೮೬ರಲ್ಲಿ, ಮದರಾಸಿನಲ್ಲಿ. ವೈದ್ಯೆ ಸುನೀತಿ ಸಾಲೊಮನ್ ಅವರೂ ಅವರ ವಿದ್ಯಾರ್ಥಿನಿ ನಿರ್ಮಲಾ ಸೆಲ್ಲಪ್ಪನ್ ಅವರೂ ಕಂಡುಹಿಡಿದರು. ನಮ್ಮ ಸೀಮೆಯಲ್ಲಿ ಧರ್ಮವರದ ಬಳಿಯ ಬತ್ತಲಪಲ್ಲಿಯಲ್ಲಿ ರೂರಲ್ ಡೆವಲಪ್‌ಮೆಂಟ್ ಟ್ರಸ್ಟ್ ನಡೆಸಿದ ಆಸ್ಪತ್ರೆಯು ಸಾವಿರಾರು ಸೋಂಕಿತರಿಗೆ ಚಿಕಿತ್ಸೆ ನೀಡಿತು. ಅಲ್ಲಿನ ವೈದ್ಯರು ಪ್ರಕಟಿಸಿದ ಅಧ್ಯಯನಗಳಲ್ಲಿ ಎದ್ದು ಕಾಣುವ ಸಂಗತಿಯೆಂದರೆ, ಎಷ್ಟೋ ಮಂದಿ ರೋಗ ಮುಂದುವರಿದ ಮೇಲೆಯೇ ಬಂದರೆಂಬುದು. ಮದ್ದಿಲ್ಲದ ಕೊರತೆಗಿಂತ ಬಾರದಿರುವ ಕೊರತೆಯೇ ಹೆಚ್ಚೆಂದು ನನಗೆ ತೋರುತ್ತದೆ.

ಏಕೆಂದರೆ ಮದ್ದು ಇದೆ. ಸರಕಾರವು ೨೦೦೪ರಿಂದ ಉಚಿತವಾಗಿ ಕೊಡುತ್ತಿದೆ, ೨೦೧೭ರಿಂದ ಸಿ.ಡಿ.೪ ಎಷ್ಟೇ ಇರಲಿ, ಸೋಂಕು ತಿಳಿದ ಕೂಡಲೇ ಆರಂಭಿಸುವ ಪದ್ಧತಿ ಬಂದಿದೆ. ವೈರಾಣುವಿನ ಬರಹದ ಕೆಲಸವನ್ನೇ ಈ ಗುಳಿಗೆಗಳು ತಡೆಯುತ್ತವೆ, ಕಣಗಳ ಸಂಖ್ಯೆ ಮತ್ತೆ ಏರುತ್ತದೆ. ಆದರೆ ಕೆಲವು ಕಣಗಳಲ್ಲಿ ವೈರಾಣು ಮಲಗಿಯೇ ಉಳಿಯುವುದರಿಂದ ಗುಳಿಗೆಯನ್ನು ಬಿಡುವಂತಿಲ್ಲ. ಬಿಟ್ಟರೆ ಅದು ಏಳುತ್ತದೆ. ತಪ್ಪದೆ ನುಂಗಿ, ರಕ್ತದಲ್ಲಿ ವೈರಾಣು ಪರೀಕ್ಷೆಗೆ ಸಿಗದಷ್ಟು ಕಡಿಮೆಯಾಗಿಯೇ ಉಳಿದರೆ, ಲೈಂಗಿಕ ಸಂಪರ್ಕದಿಂದ ಸಂಗಾತಿಗೆ ಹರಡುವುದಿಲ್ಲ. ಚಿಕಿತ್ಸೆಯಿಲ್ಲದ ಗರ್ಭಿಣಿಯಿಂದ ಮಗುವಿಗೆ ಸೋಂಕು ತಗಲುವ ಸಂಭವ ನೂರಕ್ಕೆ ೧೫ರಿಂದ ೪೫. ಚಿಕಿತ್ಸೆ ಪಡೆದರೆ ೫ಕ್ಕಿಂತಲೂ ಕಡಿಮೆ. ಸೊಸೆಯನ್ನು ಮೊದಲ ತಿಂಗಳುಗಳಲ್ಲೇ ಪರೀಕ್ಷೆಗೆ ಕರೆದೊಯ್ಯುವ ಅತ್ತೆಯರು ಈ ಅಂಕಿಯನ್ನು ನೆನಪಿಟ್ಟುಕೊಳ್ಳಲಿ. ಮಗನನ್ನೂ ಜೊತೆಗೆ ಕರೆದೊಯ್ಯಲಿ.

ಒಟ್ಟಿಗೆ ಉಣ್ಣುವುದರಿಂದಾಗಲಿ, ಒಂದೇ ಬಚ್ಚಲನ್ನು ಬಳಸುವುದರಿಂದಾಗಲಿ, ಸೊಳ್ಳೆಯಿಂದಾಗಲಿ ಇದು ಹರಡದು. ಸರಕಾರಿ ಕೇಂದ್ರಗಳಲ್ಲಿ ಪರೀಕ್ಷೆ ಉಚಿತ. ೨೦೧೭ರ ಕಾಯಿದೆಯಂತೆ ಫಲಿತಾಂಶ ಗುಟ್ಟಾಗಿರತಕ್ಕದ್ದು. ಸೋಂಕಿನ ಕಾರಣಕ್ಕೆ ಕೆಲಸದಿಂದಲೋ ಶಾಲೆಯಿಂದಲೋ ಹೊರಹಾಕುವಂತಿಲ್ಲ.

ತಮ್ಮಲ್ಲಿ ಪ್ರಶ್ನೆಗಳಿದ್ದರೆ ದಯವಿಟ್ಟು ಕೇಳಬೇಕು. ಎಲ್ಲರೆದುರು ಕೇಳಲು ಸಂಕೋಚಪಡುವವರು ಸಭೆ ಮುಗಿದ ಮೇಲೆ ಕೇಳಿದರೂ ಆದೀತು. ನಾನು ಇಲ್ಲಿಯೇ ಇರುತ್ತೇನೆ.