ಹೊಲದ ದುಡಿಮೆ ಮತ್ತು ತಾಯಿಯ ಹೆಸರು



ಉಮರ್ಗಾ, ನಿಲಂಗಾ, ಉದಗೀರ ತಾಲೂಕುಗಳ ಒಕ್ಕಲುತನವು ಬಹುಮಟ್ಟಿಗೆ ಮಳೆಯನ್ನೇ ನಂಬಿದುದು. ಇಲ್ಲಿಯ ಬಡ ಮನೆಗಳಲ್ಲಿ ಬೀಜ ಹಾಕುವವಳೂ ಕಳೆ ತೆಗೆಯುವವಳೂ ತೊಗರಿ ಕೊಯ್ಯುವವಳೂ ಹೆಣ್ಣುಮಗಳೇ. ಸ್ವಂತ ಹೊಲದ ಕೆಲಸ ತೀರಿದ ಬಳಿಕ ಪರರ ಹೊಲಕ್ಕೆ ಕೂಲಿಗೆ ಹೋಗುವವಳೂ ಅವಳೇ. ಆದರೂ ರೈತನಾರೆಂದು ಕೇಳಿದರೆ ನಾವು ಗಂಡಸನ್ನು ಮಾತ್ರ ತೋರಿಸುತ್ತೇವೆ.

ಇದರಿಂದ ಹಾನಿಯುಂಟು. ಮಹಾರಾಷ್ಟ್ರದಲ್ಲಿ ಹೊಲದ ಲೆಕ್ಕವಿರುವುದು ಸಾತ್‌ಬಾರಾ ಉತಾರದಲ್ಲಿ. ಬೆಳೆಸಾಲಕ್ಕೂ ಪರಿಹಾರಕ್ಕೂ ಮೊದಲು ಕೇಳುವುದು ಅದನ್ನೇ. ಯಜಮಾನನು ತೀರಿಕೊಂಡರೆ ಸಾಲದ ಭಾರವು ಪತ್ನಿಯ ಹೆಗಲೇರುತ್ತದೆ. ಉತಾರದಲ್ಲಿ ಹೆಸರಿಲ್ಲದ ಆಕೆ ಕಚೇರಿಯಿಂದ ಕಚೇರಿಗೆ ಅಲೆಯಬೇಕಾಗುತ್ತದೆ.

1956ರ ಹಿಂದೂ ಉತ್ತರಾಧಿಕಾರ ಕಾಯಿದೆಯು ಪತಿಯ ಸ್ವಂತ ಆಸ್ತಿಯಲ್ಲಿ ವಿಧವೆಗೂ ಮಕ್ಕಳೊಡನೆ ಪಾಲು ಕೊಟ್ಟಿತು. 2005ರ ತಿದ್ದುಪಡಿಯು ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳನ್ನು ಮಗನಿಗೆ ಸಮನಾಗಿಸಿತು. ಇವೆರಡರ ನಡುವೆ ಶರದ್ ಜೋಶಿಯವರ ಶೇತಕರಿ ಸಂಘಟನೆಯು ‘ಲಕ್ಷ್ಮೀ ಮುಕ್ತಿ’ ಎಂಬ ಚಳವಳಿಯನ್ನು ನಡೆಸಿ, ಪತ್ನಿಯ ಹೆಸರಿಗೆ ಹೊಲದ ಪಾಲನ್ನು ಮಾಡಿಕೊಡಿರೆಂದು ರೈತರನ್ನೇ ಬೇಡಿಕೊಂಡಿತು. ಅನೇಕ ಗ್ರಾಮಗಳ ಗಂಡಸರು ಹಾಗೆ ಮಾಡಿಯೂ ತೋರಿಸಿದರು.

ನಮ್ಮ ಸೀಮೆಯ ಇನ್ನೊಂದು ನಿದರ್ಶನವನ್ನು ಹೇಳುವೆನು. 1993ರ ಸೆಪ್ಟೆಂಬರ್ 30ರ ಭೂಕಂಪದಲ್ಲಿ ಲಾತೂರ, ಉಸ್ಮಾನಾಬಾದ ಜಿಲ್ಲೆಗಳ ಸಾವಿರಾರು ಜನ ಮಡಿದರು. ಅನಂತರ ಮನೆಗಳನ್ನು ದುರಸ್ತಿಗೊಳಿಸುವ ಕಾರ್ಯದಲ್ಲಿ ಹಳ್ಳಿಯ ಹೆಣ್ಣುಮಕ್ಕಳು ಜನರಿಗೂ ಸರಕಾರಕ್ಕೂ ನಡುವೆ ನಿಂತು ದುಡಿದರು. ಅವರೊಡನೆ ಕೆಲಸ ಮಾಡಿದ ‘ಸ್ವಯಂ ಶಿಕ್ಷಣ ಪ್ರಯೋಗ’ವು ಮುಂದೆ ಒಂದು ಎಕರೆಯ ಬೇಸಾಯಕ್ಕೆ ಬೆಂಬಲವಾಯಿತು. ಸ್ತ್ರೀಯರು ಮನೆಯ ಹೊಲದಲ್ಲಿ ಎಕರೆಯಷ್ಟನ್ನು ಕೇಳಿ ಪಡೆದು, ಕಾಳುಕಡಿ, ಕಾಯಿಪಲ್ಲೆಗಳನ್ನು ಕೂಡಿಸಿ ಬೆಳೆದರು. ಮೊದಲು ಮನೆಯವರ ಊಟಕ್ಕೆ, ಉಳಿದುದು ಸಂತೆಗೆ. ಈ ಕಾರ್ಯಕ್ಕಾಗಿ ಸಂಸ್ಥೆಗೆ 2016ರಲ್ಲಿ ವಿಶ್ವಸಂಸ್ಥೆಯ ಈಕ್ವೇಟರ್ ಪ್ರಶಸ್ತಿ ದೊರೆಯಿತು. ಅದೇ ವರ್ಷದ ಬರದಲ್ಲಿ ಮಿರಜದಿಂದ ಲಾತೂರಿಗೆ ರೈಲಿನಲ್ಲಿ ಕುಡಿಯುವ ನೀರು ಬಂದುದನ್ನು ತಾವು ಮರೆತಿರಲಾರಿರಿ. ಸೋಯಾಬೀನವೊಂದನ್ನೇ ನಂಬಿದವನಿಗೆ ಅಂಥ ವರ್ಷ ಕೈಯಲ್ಲಿ ಹಣವಿಲ್ಲ, ಮನೆಯಲ್ಲಿ ಕಾಳಿಲ್ಲ. ಹಲವು ಬೆಳೆ ಹಾಕಿದ ಮನೆಯಲ್ಲಿ ಒಂದು ಹೋದರೂ ಇನ್ನೊಂದು ಉಳಿದೀತು.

ಪಾಲಕರೇ, ಹೊಲದಲ್ಲಿ ಏನು ಬಿತ್ತಬೇಕೆಂಬ ಮಾತಿನಲ್ಲಿ ಮನೆಯಾಕೆಯ ಅಭಿಪ್ರಾಯವನ್ನು ಕೇಳಿರಿ. ಆಕೆಯ ಹೆಸರನ್ನು ಸೇರಿಸುವ ಕ್ರಮವನ್ನು ತಲಾಠಿಯವರಲ್ಲಿ ವಿಚಾರಿಸಿರಿ. ಕಳೆಯ ಕಾಲ ಬಂತೆಂದು ಮಗಳ ಶಾಲೆಯನ್ನು ಬಿಡಿಸಬೇಡಿರಿ.

ಮಕ್ಕಳೇ, ಉತಾರವಿರುವುದು ಮರಾಠಿಯಲ್ಲಿ, ತಾಯಿಯ ಮಾತು ಕನ್ನಡ. ಶಾಲೆಯಲ್ಲಿ ನೀವು ಎರಡನ್ನೂ ಕಲಿತಿದ್ದೀರಿ. ಇಂದು ಸಂಜೆ ಆ ಕಾಗದವನ್ನು ತಾಯಿಯ ಮುಂದೆ ಓದಿ, ಅದರಲ್ಲಿ ಯಾರ ಹೆಸರಿದೆ ಎಂಬುದನ್ನು ಕನ್ನಡದಲ್ಲಿ ಹೇಳಿರಿ. ನಿಮ್ಮ ವಿದ್ಯೆಯಿಂದ ಮನೆಗೆ ಆಗುವ ಮೊದಲ ಉಪಕಾರ ಅದಾಗಲಿ.